ಕೀಮೋ ಮುಗಿಸಿ ಊರಿಗೆ ಬಂದ ಮೇಲೆ ಮನೇಲಿ ಏನೇನು ಜಾಗ್ರತೆ? ಆಸ್ಪತ್ರೆಯಿಂದ ದೂರ ಇರೋರು ದಯವಿಟ್ಟು ಹೇಳಿ

ತೋಟದ_ಮನೆ (ಶಿರಸಿ)
ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ ಸ್ತನ ಕ್ಯಾನ್ಸರ್, ಬೆಂಗಳೂರಲ್ಲಿ ಆಪರೇಷನ್ ಆಯ್ತು, ಬಲಗಡೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಕೀಮೋ ಶುರುವಾಗಿದೆ, ಮೂರು ವಾರಕ್ಕೊಂದು, ಆ ಕೆಂಪು ಔಷಧಿ. ಮೊದಲನೇದು ಮುಗಿಸಿ ಮೊನ್ನೆ ಊರಿಗೆ ಕರ್ಕೊಂಡು ಬಂದ್ವಿ. ಡಿಸ್ಚಾರ್ಜ್ ಪೇಪರಿನಲ್ಲಿ ಏನೇನೋ ಇಂಗ್ಲಿಷಲ್ಲಿ ಬರ್ದಿದ್ದಾರೆ ಆದ್ರೆ ಅವತ್ತು ಆ ಗಡಿಬಿಡೀಲಿ ಯಾರೂ ಕೂರಿಸ್ಕೊಂಡು ಬಿಡಿಸಿ ಹೇಳ್ಲಿಲ್ಲ. ಇಲ್ಲಿ ಬಂದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಬ್ಬರು ಮೊಸರು ಕೊಡ್ಬೇಡಿ ಅಂತಾರೆ, ಇನ್ನೊಬ್ಬರು ತಟ್ಟೆ ಲೋಟ ಬೇರೆ ಇಡಿ ಅಂತಾರೆ, ಅತ್ತೆ ಒಬ್ರು ಅಮೃತಬಳ್ಳಿ ಕಷಾಯ ದಿನಾ ಕುಡಿಸು ಅಂತ ಬಳ್ಳಿನೇ ತಂದು ಕೊಟ್ಟು ಹೋದ್ರು. ನಮ್ದು ಅಡಿಕೆ ತೋಟದ ಮಧ್ಯ ಮನೆ, ಕೊಟ್ಟಿಗೆ ಇದೆ, ಅಣ್ಣನ ಚಿಕ್ಕ ಮಗು ಇದೆ, ಅತ್ತಿಗೆ ಮತ್ತೆ ಬಸುರಿ. ಮೇಲಿಂದ ಈ ವರ್ಷ ಮಾರಿಕಾಂಬಾ ಜಾತ್ರೆ, ಮನೆ ತುಂಬ ನೆಂಟರು ಬರ್ತಾರೆ. ನಿಜವಾಗಿ ಯಾವ್ದಕ್ಕೆ ಹೆದರ್ಬೇಕು, ಯಾವ್ದಕ್ಕೆ ಹೆದರ್ಬೇಕಾಗಿಲ್ಲ? ಗೊತ್ತಿರೋರು ಹೇಳಿ, ಪುಣ್ಯ ಬರ್ತದೆ.

ಡೇಕೇರ್_ಸಿಸ್ಟರ್
ತಂಗಿ, ನಾನು ಕ್ಯಾನ್ಸರ್ ವಾರ್ಡಲ್ಲಿ ನರ್ಸ್, ಕೀಮೋ ಹಾಕೋದೇ ನನ್ನ ಕೆಲಸ. ನೀವು ಕೇಳಿದ್ದಕ್ಕೆಲ್ಲ ಒಂದೊಂದಾಗಿ ಹೇಳ್ತೀನಿ ಆದ್ರೆ ಮೊದಲು ಒಂದೇ ವಿಷಯ, ಬೇರೆ ಎಲ್ಲ ಮರೆತ್ರೂ ಇದನ್ನ ಮರೀಬೇಡಿ. ಜ್ವರ. 100.4 ಫ್ಯಾರನ್‌ಹೀಟ್, ಅಂದ್ರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಂದ್ರೆ ಅದು ಎಮರ್ಜೆನ್ಸಿ. ರಾತ್ರಿ ಎರಡು ಗಂಟೆ ಆಗಿದ್ರೂ ಎಮರ್ಜೆನ್ಸಿನೇ, ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ.

ಯಾಕೆ ಅಂದ್ರೆ ಕೀಮೋ ಔಷಧಿ ಬೇಗ ಬೇಗ ಬೆಳೆಯೋ ಜೀವಕೋಶಗಳನ್ನೆಲ್ಲ ಹೊಡೆಯತ್ತೆ, ಮೂಳೆ ಮಜ್ಜೆಲಿ ಹುಟ್ಟೋ ಬಿಳಿ ರಕ್ತಕಣಗಳೂ ಅದ್ರಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ಅದ್ರಲ್ಲಿ ನ್ಯೂಟ್ರೋಫಿಲ್ ಅಂತ ಒಂದು ಜಾತಿ, ಬ್ಯಾಕ್ಟೀರಿಯಾ ಜೊತೆ ಮೊದಲು ಹೊಡೆದಾಡೋದು ಅವೇ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1500ಕ್ಕಿಂತ ಮೇಲಿರಬೇಕು, ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ಒಳಗೆ ತೀರಾ ಕೆಳಗೆ ಇಳಿಯತ್ತೆ, 500ಕ್ಕಿಂತ ಕೆಳಗೆ ಹೋದ್ರೆ ಬಹಳ ಅಪಾಯ. ಆಮೇಲೆ ಮತ್ತೆ ಏರತ್ತೆ, ಅದಕ್ಕೇ ಮೂರು ವಾರದ ಅಂತರ ಕೊಡೋದು. ಆ ಕಮ್ಮಿ ಇರೋ ದಿನಗಳಲ್ಲಿ ಇನ್ಫೆಕ್ಷನ್ ಆದ್ರೂ ಬಹಳ ಸಲ ಕೆಂಪಾಗಲ್ಲ, ಕೀವು ಆಗಲ್ಲ, ಕೆಮ್ಮಲ್ಲಿ ಕಫ ಬರಲ್ಲ, ಯಾಕಂದ್ರೆ ಕೀವು ಆಗೋದಕ್ಕೂ ಆ ಕಣಗಳೇ ಬೇಕು. ಎಷ್ಟೋ ಸಲ ಜ್ವರ ಒಂದೇ ಸುಳಿವು. ಕೆಲವು ಗಂಟೇಲಿ ಬಿಪಿ ಬಿದ್ದು ಸೆಪ್ಸಿಸ್, ಅಂದ್ರೆ ಸೋಂಕಿನಿಂದ ಇಡೀ ದೇಹವೇ ಕೆಡೋ ಸ್ಥಿತಿ, ಆಗಬಹುದು. ನಮ್ಮಲ್ಲಿ ಇಂಥೋರು ಬಾಗಿಲಿಗೆ ಬಂದ ಒಂದು ಗಂಟೆ ಒಳಗೆ ಆಂಟಿಬಯೋಟಿಕ್ ಡ್ರಿಪ್ ಹೋಗಿರಬೇಕು ಅಂತ ನಿಯಮ, ರಿಪೋರ್ಟ್‌ಗೂ ಕಾಯಲ್ಲ.

ಒಂದು ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಕೈಯಿಟ್ಟು ನೋಡಿ "ಬೆಚ್ಚಗಿದೆ ಅಷ್ಟೇ" ಅನ್ನೋದು ಬೇಡ. ಬಾಯಲ್ಲಿ ಇಟ್ಟು ನೋಡಿ, ಕಾಫಿ ಕುಡಿದ ತಕ್ಷಣ ಬೇಡ. ಕಂಕುಳಲ್ಲಿ ನೋಡಿದ್ರೆ ಸ್ವಲ್ಪ ಕಮ್ಮಿನೇ ತೋರಿಸತ್ತೆ ಅನ್ನೋದು ನೆನಪಿರ್ಲಿ. ಗುದದ್ವಾರದಲ್ಲಿ ಥರ್ಮಾಮೀಟರ್, ಎನಿಮಾ, ಸಪೋಸಿಟರಿ (ಅಲ್ಲಿ ಇಡೋ ಗುಳಿಗೆ) ಯಾವ್ದೂ ಬೇಡವೇ ಬೇಡ. ಚಳಿ ಬಂದು ನಡುಗ್ತಿದ್ರೆ ಥರ್ಮಾಮೀಟರ್ ನಾರ್ಮಲ್ ತೋರಿಸಿದ್ರೂ ಫೋನ್ ಮಾಡಿ, ಕೀಮೋ ಜೊತೆ ಕೊಡೋ ಸ್ಟೀರಾಯ್ಡ್ ಜ್ವರನ ಮುಚ್ಚಿಡತ್ತೆ.

ಹುಬ್ಬಳ್ಳಿ_ಮಾವ
ಸಿಸ್ಟರ್ ಹೇಳಿದ್ದು ಖರೇ ಅದರೀ. ನಮ್ಮ ಮನಿಯಾಕಿಗೆ ಕೀಮೋ ನಡದಿತ್ತು, ಎರಡನೇ ಸೈಕಲ್ ಆಗಿ ಒಂದು ಹತ್ತು ದಿನ ಆಗಿತ್ತು ಅನ್ರಿ, ಸಂಜೀಕ ಮೈ ಬಿಸಿ ಆತು. ಓಣ್ಯಾಗಿನ ಕ್ಲಿನಿಕ್ಕಿಗೆ ಕರಕೊಂಡು ಹೋದ್ವಿ, ಅವ್ರು ವೈರಲ್ ಅದ ಅಂತ ಜ್ವರದ ಗುಳಗಿ ಕೊಟ್ಟು ನಾಳೆ ಮುಂಜಾನೆ ಬರ್ರಿ ಅಂದ್ರು. ಗುಳಗಿ ತಗೊಂಡಕೂಡ್ಲೆ ಜ್ವರ ಇಳೀತು, ನಾವೂ ಸಮಾಧಾನದಿಂದ ಮಲಗಿದ್ವಿ. ಬೆಳಕು ಹರಿಯೂದ್ರಾಗ ಆಕಿ ಮಾತು ತೊದಲಾಕತ್ತಿತ್ತು, ಕೈಕಾಲು ತಣ್ಣಗ. ಐಸಿಯುನಾಗ ಇಟ್ಟು ಉಳಿಸಿಕೊಂಡ್ರು, ದೇವ್ರ ದೊಡ್ಡಂವ. ಅಲ್ಲಿ ಡಾಕ್ಟರ್ ಹೇಳಿದ್ರು, ಗುಳಗಿ ಜ್ವರ ಅಷ್ಟೇ ಇಳಿಸ್ತದ, ಒಳಗಿನ ಸೋಂಕು ತನ್ನ ಪಾಡಿಗೆ ತಾನು ಬೆಳೀತದ ಅಂತ. ಆಮ್ಯಾಲಿನ ಸೈಕಲ್‌ಗಳಿಗೆಲ್ಲ ಬಿಳಿ ಕಣ ಏರಸೂ ಇಂಜೆಕ್ಷನ್ ಕೊಟ್ರು, ಮತ್ತ ತ್ರಾಸ ಆಗಲಿಲ್ಲ. ಎಲುಬು ಭಾಳ ನೋವು ಬರ್ತಾವ ಅದಕ, ಆದ್ರ ತಡಕೋಬಹುದು.

ತಂಗೀ, ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಜೂಬಾಜೂ ಅದ. ಬೆಂಗಳೂರಿಗೇ ಹೋಗ್ಬೇಕು ಅಂತ ರಾತ್ರಿ ಬಸ್ಸಿಗೆ ಕಾಯಬ್ಯಾಡ್ರಿ. ಯಾವ ಆಸ್ಪತ್ರಿಗೆ ಹೋಗೂದು, ಯಾರ ಗಾಡಿ, ಡ್ರೈವರ್ ಯಾರು ಇದನ್ನ ಇವತ್ತೇ ಗಟ್ಟಿ ಮಾಡಿ ಇಟ್ಕೋರಿ. 108 ಅಂತೂ ಇದ್ದೇ ಅದ.

ತೋಟದ_ಮನೆ (ಶಿರಸಿ)
ಓದಿ ಕೈ ನಡುಗ್ತು ಮಾವ, ಅತ್ತೆಯವರು ಹುಷಾರಾಗಿದ್ದು ಕೇಳಿ ಸಮಾಧಾನ ಆಯ್ತು. ಥರ್ಮಾಮೀಟರ್ ಇವತ್ತೇ ತರಿಸ್ತೀನಿ. ಆದ್ರೆ ನನಗೊಂದು ಗೊಂದಲ. ನಮ್ಮ ಕಡೆ ಈಗ ಮಂಗನ ಕಾಯಿಲೆ ಸೀಸನ್. ಜ್ವರ ಅಂತ ಇಲ್ಲಿ ಆಸ್ಪತ್ರೆಗೆ ಹೋದ್ರೆ ಮೊದಲು ಅದೇ ಟೆಸ್ಟಿಗೆ ಕಳಿಸ್ತಾರೆ, ರಿಪೋರ್ಟ್ ಬರೋ ತನಕ ಕಾಯ್ರಿ ಅಂತಾರೆ. ಯಾವ ಜ್ವರ ಅಂತ ಮನೇಲಿ ಹೇಗೆ ಗೊತ್ತಾಗೋದು?

ಡೇಕೇರ್_ಸಿಸ್ಟರ್
ಮನೇಲಿ ಗೊತ್ತಾಗಲ್ಲ, ಗೊತ್ತುಮಾಡ್ಕೊಳ್ಳೋಕೆ ಹೊತ್ತು ಕಳೀಲೂ ಬೇಡಿ. ಮಂಗನ ಕಾಯಿಲೆಲೂ ಬಿಳಿ ಕಣ, ಪ್ಲೇಟ್ಲೆಟ್ ಇಳಿಯತ್ತೆ, ಕೀಮೋಲೂ ಇಳಿಯತ್ತೆ, ಹಾಗಾಗಿ ರಕ್ತದ ರಿಪೋರ್ಟ್ ನೋಡಿದ್ರೂ ಗೊಂದಲ ಆಗೋದು ಸಹಜ. ನೀವು ಮಾಡಬೇಕಾದ್ದು ಇಷ್ಟು: ಆಸ್ಪತ್ರೆ ಬಾಗಿಲಲ್ಲಿ ಮೊದಲನೇ ಮಾತೇ "ಇವರಿಗೆ ಕೀಮೋ ನಡೀತಿದೆ, ಕೊನೇ ಕೀಮೋ ಆಗಿ ಇಷ್ಟು ದಿನ ಆಯ್ತು, ಜ್ವರ ಇಷ್ಟಿದೆ" ಅಂತ ಇರ್ಲಿ. ಜ್ವರ ಅಂತ ಚೀಟಿ ಮಾಡಿಸಿ ಕ್ಯೂನಲ್ಲಿ ಕೂತ್ಕೋಬೇಡಿ. ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ಮಾಡಿಸಿ, ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡೋ ಟೆಸ್ಟ್) ರಕ್ತ ತಗೊಂಡು ಆಂಟಿಬಯೋಟಿಕ್ ಶುರು ಮಾಡಿ, ಅದರ ಜೊತೆಗೇ ಮಂಗನ ಕಾಯಿಲೆ ಟೆಸ್ಟಿಗೂ ಕಳಿಸ್ಲಿ. ಒಂದಕ್ಕೆ ಕಾದು ಇನ್ನೊಂದು ನಿಲ್ಲಬಾರದು. ಡಾಕ್ಟರಿಗೆ ಅನುಮಾನ ಇದ್ರೆ ನಿಮ್ಮ ಬೆಂಗಳೂರಿನ ವಾರ್ಡಿಗೆ ಫೋನ್ ಹಚ್ಚಿ ಅವರ ಕೈಗೇ ಕೊಡಿ.

ಆಗುಂಬೆ_ಮಳೆ
ಮಲೆನಾಡಿನವ್ರು ಅಂತ ಒಂದೆರಡು ಮಾತು ಸೇರಿಸ್ತೀನಿ, ನಮ್ಮ ದೊಡ್ಡಪ್ಪನಿಗೆ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಆಗಿ ಇದೇ ಪರಿಸ್ಥಿತಿ ಇತ್ತು. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಉಣುಗು ಕಚ್ಚಿ ಬರೋದು, ಡಿಸೆಂಬರ್‌ನಿಂದ ಮೇ ತನಕ ಜೋರು. ಕೊಟ್ಟಿಗೆಗೆ ದರಕು (ಒಣ ಎಲೆ) ಹಾಸ್ತೀರಲ್ಲ, ಕಾಡಿಂದ ಗುಡಿಸಿ ತಂದ ದರಕಿನ ಜೊತೆ ಉಣುಗು ಮನೆ ಬಾಗಿಲಿಗೇ ಬರ್ತವೆ. ಈ ಕೀಮೋ ಮುಗಿಯೋ ತನಕ ಆಯಿನ ಕೊಟ್ಟಿಗೆ ಕಡೆ, ಸೊಪ್ಪಿನ ಬೆಟ್ಟದ ಕಡೆ ಬಿಡ್ಲೇಬೇಡಿ. ಕಾಡಿಗೆ ಹೋಗಿ ಬಂದವ್ರು ಹೊರಗೇ ಬಟ್ಟೆ ಬದಲಿಸಿ ಬಿಸಿನೀರಲ್ಲಿ ನೆನೆಹಾಕಿ. ಆರೋಗ್ಯ ಇಲಾಖೆಯವ್ರು ಉಣುಗು ಕಚ್ಚದಂತೆ ಮೈಗೆ ಹಚ್ಚೋ ಡೇಪಾ ಎಣ್ಣೆ ಕೊಡ್ತಾರೆ, ತಗೊಂಡು ಹಚ್ಚಿಕೊಂಡೇ ಹೋಗ್ಲಿ.

ಇನ್ನೊಂದು ಧೂಳು. ಗೊಬ್ಬರಗುಂಡಿ ಕೆದಕೋದು, ಹಳೇ ಹುಲ್ಲು ಕೊಡವೋದು, ಅಟ್ಟ ಗುಡಿಸೋದು, ಮಳೆಗಾಲದ ಬೂಸಲು ಹಿಡಿದ ಗೋಡೆ ಕೆರೆಯೋದು ಇದೆಲ್ಲ ಅವರು ಇರೋ ಹೊತ್ತಲ್ಲಿ ಬೇಡ. ಬೂಷ್ಟಿನ ಬೀಜ ಗಾಳೀಲಿ ತೇಲಿ ಪುಪ್ಪುಸಕ್ಕೆ ಹೋಗತ್ತೆ, ನಮಗೆ ನಿಮಗೆ ಏನೂ ಆಗಲ್ಲ, ಬಿಳಿ ಕಣ ಇಲ್ಲದೋರಿಗೆ ಅದೇ ನ್ಯುಮೋನಿಯಾ ಆಗತ್ತೆ. ಜಾತ್ರೆಗೆ ಅಂತ ಮನೆಗೆ ಸುಣ್ಣ ಬಣ್ಣ ಮಾಡ್ಸೋ ಯೋಚನೆ ಇದ್ರೆ ಮುಂದಕ್ಕೆ ಹಾಕಿ. ಹಸುನ ದೂರದಿಂದ ನೋಡಿ ಮಾತಾಡಿಸ್ಲಿ ಪಾಪ, ಸಗಣಿ ಬಾಚೋದು ಬೇರೆಯವರ ಕೆಲಸ.

ಸಸ್ಯ_ಸಂಪದ
ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮ ಮನೆತನದಲ್ಲಿ ಗಿಡಮೂಲಿಕೆ ಔಷಧಿ ಕೊಡ್ತಾ ಬಂದಿದ್ದಾರೆ. ಅಮೃತಬಳ್ಳಿ ರೋಗನಿರೋಧಕ ಶಕ್ತಿಗೆ ಒಳ್ಳೇದು ಅಂತ ಊರಿಗೇ ಗೊತ್ತು. ಲಕ್ಷ್ಮಣ ಫಲದ ಎಲೆ ಕಷಾಯದಿಂದ ಗಂಟು ಕರಗಿದೆ ಅಂತ ಹೇಳೋರನ್ನ ನಾನೇ ನೋಡಿದ್ದೀನಿ. ಕೀಮೋದಿಂದ ದೇಹ ಸುಟ್ಟು ಹೋಗಿರತ್ತೆ, ಅದಕ್ಕೆ ತಂಪು ಕೊಡೋದ್ರಲ್ಲಿ ಏನು ತಪ್ಪು? ಡಾಕ್ಟರಿಗೆ ಹೇಳಿದ್ರೆ ಬೈತಾರೆ ಅಂತ ಜನ ಹೇಳಲ್ಲ ಅಷ್ಟೇ, ಎಲ್ಲರೂ ತಗೋತಾನೇ ಇದ್ದಾರೆ.

ಮೆಡಿಕಲ್_ಶಾಪ್_ಮೈಸೂರು
ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ನಾನು ಫಾರ್ಮಸಿಸ್ಟ್. ಗಿಡದ ಔಷಧಿಗೆ ನಾವ್ಯಾರೂ ವಿರೋಧ ಅಲ್ಲ. ಕೀಮೋದಲ್ಲೇ ಎಷ್ಟೋ ಗಿಡದ್ದು. ವಿನ್‌ಕ್ರಿಸ್ಟಿನ್ ಬಂದಿದ್ದು ನಮ್ಮ ಅಂಗಳದ ನಿತ್ಯಪುಷ್ಪದಿಂದ, ಪ್ಯಾಕ್ಲಿಟ್ಯಾಕ್ಸೆಲ್ ಯೂ ಅನ್ನೋ ಮರದ ತೊಗಟೆಯಿಂದ, ಇರಿನೋಟೆಕಾನ್ ಅನ್ನೋದರ ಮೂಲವಸ್ತು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿದೆ, ಅದಕ್ಕೆ ಅಂತ ಆ ಮರಗಳನ್ನ ಕಡಿದು ಸಾಗಿಸಿದ್ದೂ ಗೊತ್ತಿರಬಹುದು. ಆದ್ರೆ ವಿನ್‌ಕ್ರಿಸ್ಟಿನ್ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸಲ್ಲ, ದಾಟಿದ್ರೆ ನರ ಹೋಗತ್ತೆ. ಅಂಥ ಶಕ್ತಿ ಗಿಡದಲ್ಲಿ ಇದೆ ಅಂತ ಒಪ್ಪೋದಾದ್ರೆ ಅಳತೆ ಇಲ್ಲದೆ ಲೋಟಗಟ್ಟಲೆ ಕುಡಿಸೋದು ಹೇಗೆ ಸರ್ ಸರಿ?

ಅಮೃತಬಳ್ಳಿ ವಿಷಯ: ಕೋವಿಡ್ ಸಮಯದಲ್ಲಿ ಜನ ಇದನ್ನ ದಿನಾ ಕುಡಿದು ಕೆಲವರಿಗೆ ಲಿವರ್ ಊತ ಬಂದಿದ್ದನ್ನ ಮುಂಬೈ ವೈದ್ಯರು ವರದಿ ಮಾಡಿದ್ರು. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಅದೂ ನಿಜ. ಆದ್ರೆ ಆ ಕೆಂಪು ಔಷಧಿ, ಡಾಕ್ಸೋರುಬಿಸಿನ್, ದೇಹದಿಂದ ಹೊರಗೆ ಹೋಗಬೇಕಾದ್ದೇ ಲಿವರ್ ಮೂಲಕ. ಲಿವರ್ ಊದಿಕೊಂಡ್ರೆ ಔಷಧಿ ಒಳಗೇ ಉಳಿಯತ್ತೆ, ಮುಂದಿನ ಕೀಮೋ ಡೋಸ್ ಕಮ್ಮಿ ಮಾಡ್ತಾರೆ ಇಲ್ಲಾಂದ್ರೆ ಮುಂದಕ್ಕೆ ಹಾಕ್ತಾರೆ. ಗುಣ ಆಗೋ ಕ್ಯಾನ್ಸರಲ್ಲಿ ಅದು ಚಿಕ್ಕ ನಷ್ಟ ಅಲ್ಲ. ಲಕ್ಷ್ಮಣ ಫಲದ ಎಲೆ, ಹಣ್ಣು ಹೆಚ್ಚಾಗಿ ಬಳಸೋ ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಥರದ ನರದ ಕಾಯಿಲೆ ಜಾಸ್ತಿ ಕಂಡಿದೆ, ಅದ್ರಲ್ಲಿರೋ ಅನೋನಾಸಿನ್ ಅನ್ನೋ ಅಂಶದ ಮೇಲೆ ಸಂಶಯ. ಇನ್ನು ಯಾರಾದ್ರೂ "ವಿಟಮಿನ್ ಬಿ17" ಅಂತ ಏಪ್ರಿಕಾಟ್ ಬೀಜ ಆನ್‌ಲೈನಲ್ಲಿ ತರಿಸಿಕೊಡ್ತೀನಿ ಅಂದ್ರೆ ಮನೆ ಒಳಗೇ ಸೇರಿಸ್ಬೇಡಿ, ಅದು ವಿಟಮಿನ್ನೂ ಅಲ್ಲ, ಹೊಟ್ಟೇಲಿ ಸೈನೈಡ್ ಆಗತ್ತೆ.

ಇನ್ನೊಂದು ನಮ್ಮ ಕಡೆಯವರಿಗೇ ಹೇಳಬೇಕಾದ್ದು, ಚಕ್ಕೋತ. ದೇವನಹಳ್ಳಿ ಚಕ್ಕೋತ ಎಂಥ ರುಚಿ, ಒಪ್ತೀನಿ. ಅದರ ಸಂಬಂಧಿ ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಲ್ಯಾಪಾಟಿನಿಬ್, ಪಾಲ್ಬೋಸಿಕ್ಲಿಬ್, ಇಮ್ಯಾಟಿನಿಬ್ ಥರದ ಕ್ಯಾನ್ಸರ್ ಮಾತ್ರೆಗಳ ಚೀಟೀಲೇ ಬರ್ದಿರತ್ತೆ, ಚಕ್ಕೋತದಲ್ಲೂ ಅದೇ ಜಾತಿಯ ಅಂಶ ಇದೆ, ಔಷಧಿ ರಕ್ತದಲ್ಲಿ ಮಿತಿಮೀರಿ ಏರತ್ತೆ. ಚೀಟೀಲಿ ಚಕ್ಕೋತದ ಹೆಸರು ಇರಲ್ಲ ಹಾಗಾಗಿ ಯಾರೂ ಹೇಳಲ್ಲ. ಆ ಥರ ಮಾತ್ರೆ ತಗೊಳ್ಳೋರು ಕೇಳಿಯೇ ತಿನ್ನಿ.

ಸಸ್ಯ_ಸಂಪದ
ಲಿವರ್ ವಿಷಯ ನೀವು ಹೇಳಿದ ರೀತಿಲಿ ನಾನು ಯೋಚಿಸಿರ್ಲಿಲ್ಲ, ಆದ್ರೆ ಸಾಂಪ್ರದಾಯಿಕ ಔಷಧಿ ಎಲ್ಲಾನೂ ಒಂದೇ ತಕ್ಕಡಿಗೆ ಹಾಕೋದು ಒಪ್ಪಲ್ಲ. ಆಸ್ಪತ್ರೇಲಿ ಯಾರೂ ಕೂರಿಸಿ ಕೇಳಲ್ಲ, ಎರಡು ನಿಮಿಷಕ್ಕೆ ಹೊರಗೆ. ಜನ ನಮ್ಮ ಹತ್ರ ಬರೋದು ನಾವು ಕೇಳಿಸ್ಕೋತೀವಿ ಅಂತ. ಅದಾದ್ರೂ ನಿಜ ತಾನೆ?

ಮೆಡಿಕಲ್_ಶಾಪ್_ಮೈಸೂರು
ಅದು ನಿಜ ಸರ್, ನೂರಕ್ಕೆ ನೂರು. ಹಾಗಾಗಿ ನಿಮ್ಮಂಥೋರಿಗೇ ನನ್ನ ವಿನಂತಿ, ನಿಮ್ಮ ಹತ್ರ ಬಂದವ್ರನ್ನ "ಕೀಮೋ ನಡೀತಿದೆಯಾ" ಅಂತ ಮೊದಲು ಕೇಳಿ, ನಡೀತಿದ್ರೆ ಮುಗಿಯೋ ತನಕ ಏನೂ ಕೊಡ್ಬೇಡಿ, ಅಥವಾ ಏನು ಕೊಟ್ರಿ ಅಂತ ಒಂದು ಚೀಟೀಲಿ ಬರೆದು ಅವರ ಡಾಕ್ಟರಿಗೆ ತೋರಿಸೋಕೆ ಹೇಳಿ.

ರಾಗಿಮುದ್ದೆ_ಅಕ್ಕ
ನಾನು ಇದೇ ಕೆಂಪು ಔಷಧಿ ತಗೊಂಡು ಮುಗಿಸಿದವಳು ಕಣಮ್ಮ, ಈಗ ಚೆನ್ನಾಗಿದ್ದೀನಿ. ಊಟದ ವಿಷಯ ನಾನು ಹೇಳ್ತೀನಿ. ನಮ್ಮನೇಲೂ ಇದೇ ಗಲಾಟೆ, ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಟ್ಟು ಕೊಟ್ಟು ನಾನು ಎದ್ದು ನಿಲ್ಲೋಕೆ ಆಗದೇ ಹೋದೆ. ಆಮೇಲೆ ಡಯೆಟಿಷಿಯನ್ ಮೇಡಂ ಹೇಳಿದ್ರು, ಹಸಿದು ಎಲ್ಲ ಬಿಟ್ಟು ಕೂತ್ರೆ ಇನ್ಫೆಕ್ಷನ್ ಕಮ್ಮಿ ಆಗತ್ತೆ ಅಂತ ಎಲ್ಲೂ ಸಾಬೀತಾಗಿಲ್ಲ, ಶುಚಿ ಮುಖ್ಯ, ತಿನ್ನೋದು ಮುಖ್ಯ ಅಂತ. ಬೇಯಿಸಿದ್ದು, ಬಿಸಿಬಿಸಿ, ಮಾಡಿದ ತಕ್ಷಣ. ಮೊಟ್ಟೆ ಗಟ್ಟಿ ಬೇಯಿಸಿ. ಬೇಳೆ, ಕಾಳು, ಮೊಟ್ಟೆ ಪ್ರತಿ ಊಟದಲ್ಲೂ ಏನಾದ್ರೂ ಒಂದು ಇರ್ಲಿ. ನೀರು ಕುದಿಸಿ ಆರಿಸಿದ್ದು, ಬಾವಿ ನೀರು ಬೋರ್ ನೀರು ಎರಡಕ್ಕೂ ಅದೇ ನಿಯಮ. ಹಣ್ಣು ಸಿಪ್ಪೆ ಸುಲಿಯೋ ಅಂಥದ್ದು, ಬಾಳೆಹಣ್ಣು, ಕಿತ್ತಳೆ, ನೀವೇ ತೊಳೆದು ಸುಲಿದು ಕೊಡಿ. ರಸ್ತೆ ಬದಿ ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಪಾನಿಪುರಿ, ಹೋಟೆಲ್ ಚಟ್ನಿ ಬೇಡ.

ಮೊಸರು ಪೂರ್ತಿ ನಿಲ್ಲಿಸ್ಬೇಕಾಗಿಲ್ಲ, ಚೆನ್ನಾಗಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಅವತ್ತಿನ ಮೊಸರು ನನಗೆ ಕೊಡ್ತಿದ್ರು, ಆದ್ರೆ ಬಿಳಿ ಕಣದ ಕೌಂಟ್ ತೀರಾ ಇಳಿದ ದಿನಗಳಲ್ಲಿ ಕೇಳಿ ಕೊಡಿ. ನಿಮ್ಮ ಕಡೆ ತಂಬುಳಿ ಜಾಸ್ತಿ ಅಲ್ವಾ, ಒಂದೆಲಗ ಹಸಿ ರುಬ್ಬಿ ಮಾಡ್ತೀರಿ. ಸದ್ಯಕ್ಕೆ ಹಸಿ ಸೊಪ್ಪಿನ ತಂಬುಳಿ, ಕೋಸಂಬರಿ ಬೇಡ. ಸೊಪ್ಪು ತೊಳೆದು ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ, ಕಾಯಿ ಅವಾಗಿಂದವಾಗ ತುರಿದು ಮಾಡಿ. ಬಾಯಿ ಹುಣ್ಣಾದಾಗ ತಂಬುಳಿ ಅನ್ನದಷ್ಟು ಸಲೀಸಾಗಿ ಇಳಿಯೋದು ಇನ್ನೊಂದಿಲ್ಲ ಅಂತ ನನಗೆ ಹೇಳಿಕೊಟ್ಟವ್ರೂ ಶಿರಸಿಯವ್ರೇ. ಉಪ್ಪು ಮತ್ತೆ ಅಡುಗೆ ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ನಾಕೈದು ಸಲ ಬಾಯಿ ಮುಕ್ಕಳಿಸ್ಲಿ, ಬ್ರಷ್ ಮೆತ್ತಂದು. ಇದು ಸಣ್ಣ ವಿಷಯ ಅಲ್ಲ ಕಣಮ್ಮ.

ಡೇಕೇರ್_ಸಿಸ್ಟರ್
ಅಕ್ಕ ಹೇಳಿದ್ದು ಬಹಳ ಸರಿ, ಯಾಕಂದ್ರೆ ಈ ಇನ್ಫೆಕ್ಷನ್‌ಗಳಲ್ಲಿ ಬಹಳಷ್ಟು ಹೊರಗಿಂದ ಬರೋದಲ್ಲ, ಅವರ ಬಾಯಿ, ಕರುಳಲ್ಲೇ ಇರೋ ಬ್ಯಾಕ್ಟೀರಿಯಾ ಹುಣ್ಣಿನ ಮೂಲಕ ರಕ್ತಕ್ಕೆ ಇಳಿಯೋದು. ಹಾಗಾಗಿ ನೆಂಟರನ್ನ ಬೈದು ಓಡಿಸೋದಕ್ಕಿಂತ ಬಾಯಿ ಚೊಕ್ಕ ಇಟ್ಟುಕೊಳ್ಳೋದು, ಮಲಬದ್ಧತೆ ಆಗದಂತೆ ನೋಡ್ಕೊಳ್ಳೋದು, ಕೈ ತೊಳೆಯೋದು ಹೆಚ್ಚು ಕೆಲಸ ಮಾಡತ್ತೆ.

ತಟ್ಟೆ ಲೋಟ ಬೇರೆ ಇಡೋ ವಿಷಯ. ಕ್ಯಾನ್ಸರ್ ಮುಟ್ಟಿದ್ರೆ ಬರಲ್ಲ, ಜೊತೆಗೆ ಉಂಡ್ರೆ ಬರಲ್ಲ, ಒಂದೇ ಹಾಸಿಗೇಲಿ ಮಲಗಿದ್ರೆ ಬರಲ್ಲ. ಆಯಿನ ಬೇರೆ ಕೂರಿಸಿ ಊಟ ಹಾಕ್ಬೇಡಿ, ಅದು ಅವರ ಮನಸ್ಸಿಗೆ ಎಷ್ಟು ಚುಚ್ಚತ್ತೆ ಅಂತ ನಾನು ದಿನಾ ನೋಡ್ತೀನಿ. ಮಗು ಅವರ ಮಡಿಲಲ್ಲಿ ಕೂರ್ಲಿ, ಶೀತ ಕೆಮ್ಮು ಇಲ್ಲ ಅಂದ್ರೆ. ಆದ್ರೆ ಕೀಮೋ ಹಾಕಿ ಮೊದಲ 48 ಗಂಟೆ ಮಾತ್ರ ಬೇರೆ ಕಾರಣಕ್ಕೆ ಜಾಗ್ರತೆ: ಔಷಧಿಯ ಅಂಶ ಮೂತ್ರ, ಮಲ, ವಾಂತೀಲಿ ಹೊರಗೆ ಬರ್ತಾ ಇರತ್ತೆ. ಮೂತ್ರ ಒಂದೆರಡು ದಿನ ಕೆಂಪಗೆ ಬಂದ್ರೆ ಅದು ಔಷಧಿ ಬಣ್ಣ, ರಕ್ತ ಅಲ್ಲ. ಟಾಯ್ಲೆಟ್‌ಗೆ ಎರಡು ಸಲ ನೀರು ಜಾಸ್ತಿ ಹಾಕಿ, ವಾಂತಿ ಬಳಿಯೋರು ಗ್ಲೌಸ್ ಹಾಕ್ಕೊಳ್ಳಿ, ಆ ಬಟ್ಟೆ ಬೇರೆ ಒಗೀರಿ. ನಿಮ್ಮ ಅತ್ತಿಗೆ ಬಸುರಿ ಅಂದ್ರಲ್ಲ, ಅವರು ಈ ಕೆಲಸಗಳನ್ನ ಮುಟ್ಟೋದೇ ಬೇಡ. ಅಡುಗೆ ಮಾಡಿ ಬಡಿಸ್ಲಿ, ಪಕ್ಕ ಕೂತು ಮಾತಾಡ್ಲಿ, ಏನೂ ಆಗಲ್ಲ.

ಮಗುಗೆ ಲಸಿಕೆ ತಪ್ಪಿಸ್ಬೇಡಿ. ಆದ್ರೆ ಮನೇಲಿ ಕೀಮೋ ನಡೀತಿರೋರು ಇದ್ದಾರೆ ಅಂತ ಮಕ್ಕಳ ಡಾಕ್ಟರಿಗೆ ಮೊದಲೇ ಹೇಳಿ, ಬಾಯಿಗೆ ಹಾಕೋ ಪೋಲಿಯೋ ಹನಿಯ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೋಗ್ತಾ ಇರತ್ತೆ, ಆಯಿ ಡೈಪರ್ ಬದಲಿಸೋದು ಬೇಡ. ಆಯಿಗೆ ಮಾತ್ರ ಜೀವಂತ ವೈರಸ್ ಇರೋ ಲಸಿಕೆ ಯಾವ್ದೂ ಕೊಡೋ ಹಾಗಿಲ್ಲ. ಮನೇಲಿ, ಪಕ್ಕದ ಮನೇಲಿ ಯಾರಿಗಾದ್ರೂ ಚಿಕನ್‌ಪಾಕ್ಸ್, ಅದೇ ನೀವು ಅಮ್ಮ ಬಂದಿದಾಳೆ ಅಂತೀರಲ್ಲ, ಅದು ಬಂದ್ರೆ ಆಯಿಗೆ ಏನೂ ಆಗದೇ ಇದ್ರೂ ಅವತ್ತೇ ವಾರ್ಡಿಗೆ ಫೋನ್ ಮಾಡಿ.

ಕುಮಟಾ_ಕಡಲು
ಶಿರಸಿ ಮನೆ ಅಂದ್ರೆ ಅಡಿಕೆ ಸುಲಿಯೋದು ಇದ್ದೇ ಇರ್ತದೆ. ನನ್ನ ಚಿಕ್ಕಮ್ಮಂಗೆ ಇದೇ ಆಪರೇಷನ್ ಆಗಿ ಕೈ ಊದ್ಕಂಡು ಭಾಳ ಕಷ್ಟಪಟ್ರು. ಕಂಕುಳ ಗಂಟು ತೆಗೆದ ಕೈಯಲ್ಲಿ ದುಗ್ಧರಸ ಸರಿ ಹರಿಯಲ್ಲ, ಅಲ್ಲಿ ಒಂದು ಸಣ್ಣ ಗಾಯ ಆದ್ರೂ ಸೋಂಕು ಬೇಗ ಹಬ್ತದೆ. ಮೆಟ್ಟುಗತ್ತೀಲಿ ಅಡಿಕೆ ಸುಲಿಯೋದು, ಮುಳ್ಳಿನ ಗಿಡ ಕೀಳೋದು, ಬಿಸಿ ಹಂಡೆ ಎತ್ತೋದು ಬಲಗೈಲಿ ಬೇಡವೇ ಬೇಡ. ಪಾತ್ರೆಗೆ ಸೋಪು ಹಾಕೋವಾಗ ಗ್ಲೌಸ್. ಕೈ ಕೆಂಪಾಗಿ ಬಿಸಿ ಆಗಿ ಊದಿದ್ರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ತೋರಿಸಿ. ಹಾಗಂತ ಕೈನ ಕಟ್ಟಿ ಇಡೋದೂ ತಪ್ಪು, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡ್ಲೇಬೇಕು.

ಮತ್ತೆ ಕಾಲು ನೋಡ್ತಾ ಇರಿ. ಕ್ಯಾನ್ಸರ್ ಇದ್ದೋರಿಗೆ ರಕ್ತ ಹೆಪ್ಪುಗಟ್ಟೋದು ಜಾಸ್ತಿ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಇಡೀ ಬಸ್ಸಲ್ಲಿ ಕಾಲು ಇಳಿಬಿಟ್ಟು ಕೂತು ಹೋಗೋದು ಒಳ್ಳೇದಲ್ಲ. ನಡುವೆ ನಿಲ್ಸಿದಲ್ಲೆಲ್ಲ ಇಳಿಸಿ ನಾಲ್ಕು ಹೆಜ್ಜೆ ನಡೆಸಿ, ನೀರು ಕುಡಿಸಿ, ಬಾತ್‌ರೂಮ್ ಸಿಗಲ್ಲ ಅಂತ ನೀರು ಬಿಡಿಸ್ಬೇಡಿ. ಒಂದೇ ಕಾಲು ಊದಿ ಮೀನಖಂಡ ನೋಯ್ತಾ ಇದ್ರೆ, ಇಲ್ಲಾ ಇದ್ದಕ್ಕಿದ್ದಂಗೆ ಉಸಿರು ಕಟ್ಟಿದ್ರೆ ಎದೆ ನೋವು ಬಂದ್ರೆ, ಅದು ಆಯಾಸ ಅಂತ ಮಲಗಿಸೋ ವಿಷಯ ಅಲ್ಲ.

ಬರ್ಮಿಂಗ್‌ಹ್ಯಾಮ್_ಕನ್ನಡತಿ
ನಾನು ಇಂಗ್ಲೆಂಡಲ್ಲಿದ್ದೀನಿ, ಇಲ್ಲಿ ಕೀಮೋ ಶುರು ಮಾಡೋ ದಿನ ಪೇಷೆಂಟ್ ಕೈಗೆ ಒಂದು ಸಣ್ಣ ಕಾರ್ಡ್ ಕೊಡ್ತಾರೆ. "ನನಗೆ ಕೀಮೋ ನಡೀತಿದೆ, ಜ್ವರ ಅಥವಾ ನಡುಕ ಇದ್ರೆ ತಕ್ಷಣ ಆಂಟಿಬಯೋಟಿಕ್ ಬೇಕು" ಅನ್ನೋ ಅರ್ಥದ್ದು ಬರ್ದಿರತ್ತೆ, 24 ಗಂಟೆ ಫೋನ್ ನಂಬರ್ ಇರತ್ತೆ. ಯಾವ ಆಸ್ಪತ್ರೆಗೆ ಹೋದ್ರೂ ತೋರಿಸಿದ್ರೆ ಸಾಕು, ವಾದ ಮಾಡೋ ಅಗತ್ಯ ಇಲ್ಲ. ನಮ್ಮೂರಲ್ಲೂ ಎಲ್ಲ ಆಸ್ಪತ್ರೆಯವ್ರೂ ಕನ್ನಡದಲ್ಲಿ ಇಂಥದ್ದೊಂದು ಕೊಟ್ರೆ ಎಷ್ಟು ಜೀವ ಉಳಿಯತ್ತೆ ಅಂತ ನನಗೆ ಯಾವಾಗ್ಲೂ ಅನ್ಸತ್ತೆ, ಖರ್ಚು ಏನೂ ಇಲ್ಲ. ಅಲ್ಲೀ ತನಕ ನೀವೇ ಒಂದು ಬರೆದು ಆಯಿ ಪರ್ಸಲ್ಲಿ ಇಡಿ, ಒಂದು ಗೋಡೆಗೆ ಅಂಟಿಸಿ. ನೀವು ಮನೇಲಿ ಇಲ್ಲದ ಹೊತ್ತಲ್ಲೇ ಜ್ವರ ಬಂದ್ರೂ ಮನೇಲಿ ಇರೋರಿಗೆ ಗೊತ್ತಿರಬೇಕು.

ತೋಟದ_ಮನೆ (ಶಿರಸಿ)
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ತಟ್ಟೆ ಬೇರೆ ಇಟ್ಟಿದ್ದನ್ನ ಇವತ್ತೇ ತೆಗೆಸ್ದೆ, ಆಯಿ ಎಲ್ಲರ ಜೊತೆ ಕೂತು ಉಂಡ್ಲು. ಕೊನೇದೊಂದು ಕೇಳ್ಬೇಕು. ಆಯಿಗೆ ಜಾತ್ರೇಲಿ ಅಮ್ಮನವರಿಗೆ ಉಡಿ ತುಂಬಿಸ್ಬೇಕು ಅಂತ ಆಸೆ. ಎರಡು ವರ್ಷಕ್ಕೊಮ್ಮೆ ಬರೋದು, ಇನ್ನೊಂದು ಜಾತ್ರೆ ನೋಡ್ತೀನೋ ಇಲ್ವೋ ಅಂತ ಕಣ್ಣೀರು ಹಾಕ್ತಾಳೆ. ಬೇಡ ಅನ್ನೋಕೆ ನನ್ನ ಬಾಯಿ ಬರ್ತಿಲ್ಲ.

ರಾಗಿಮುದ್ದೆ_ಅಕ್ಕ
ನೋಡ್ತಾರೆ ಕಣಮ್ಮ, ಇನ್ನೂ ಎಷ್ಟೋ ಜಾತ್ರೆ ನೋಡ್ತಾರೆ. ನನಗೂ ಹಾಗೇ ಅನ್ನಿಸಿತ್ತು.

ಡೇಕೇರ್_ಸಿಸ್ಟರ್
ಸುಮ್ನೆ ಬೇಡ ಅನ್ಬೇಡಿ, ದಿನ ಲೆಕ್ಕ ಹಾಕಿ. ಜಾತ್ರೆ ಒಂದೇ ದಿನದ್ದಲ್ಲವಲ್ಲ. ಕೀಮೋ ಆಗಿ ಮೂರನೇ ವಾರದಲ್ಲಿ, ಮುಂದಿನ ಕೀಮೋಗೆ ಅಂತ ಹೇಗೂ ಸಿಬಿಸಿ ಮಾಡಿಸ್ತೀರಿ, ಅದ್ರಲ್ಲಿ ಕೌಂಟ್ ಸರಿ ಬಂದಿದ್ರೆ ನಿಮ್ಮ ಡಾಕ್ಟರನ್ನ ಕೇಳಿ, ಜನ ಕಮ್ಮಿ ಇರೋ ಬೆಳಗಿನ ಹೊತ್ತು, ಮಾಸ್ಕ್ ಹಾಕಿಸಿ, ಕ್ಯೂ ಇಲ್ಲದಂಗೆ ವ್ಯವಸ್ಥೆ ಮಾಡಿ ಬೇಗ ದರ್ಶನ ಮಾಡಿಸಿ ಕರ್ಕೊಂಡು ಬನ್ನಿ. ಅಂಗಡಿ ಸಾಲು, ತಿಂಡಿ, ಧೂಳಲ್ಲಿ ಓಡಾಟ ಬೇಡ. ಆ ಏಳರಿಂದ ಹದಿನಾಲ್ಕನೇ ದಿನದ ಒಳಗೆ ಬಿದ್ರೆ ಮಾತ್ರ ಖಂಡಿತ ಬೇಡ, ಆಯಿ ಹೆಸರಲ್ಲಿ ನೀವೇ ಉಡಿ ತುಂಬಿ ಬನ್ನಿ. ಮನೆಗೆ ಬರೋ ನೆಂಟರಿಗೆ ಮುಂಚೆನೇ ಫೋನಲ್ಲಿ ಹೇಳಿ, ಶೀತ ಜ್ವರ ಇದ್ದೋರು ಈ ಸಲ ಬರೋದು ಬೇಡ ಅಂತ. ಒಳ್ಳೇ ನೆಂಟರು ತಪ್ಪು ತಿಳ್ಕೊಳಲ್ಲ.

ತೋಟದ_ಮನೆ (ಶಿರಸಿ)
ಲೆಕ್ಕ ಹಾಕಿದ್ವಿ ಸಿಸ್ಟರ್, ಎರಡನೇ ಕೀಮೋ ಆದ ಮೂರನೇ ವಾರಕ್ಕೇ ಜಾತ್ರೆಯ ಕೊನೇ ದಿನಗಳು ಬರ್ತವೆ. ಡಾಕ್ಟರನ್ನ ಕೇಳ್ತೀನಿ. ಗೋಡೆಗೆ ಅಂಟಿಸೋಕೆ ಹೀಗೆ ಬರ್ದಿದೀನಿ, ತಪ್ಪಿದ್ರೆ ಹೇಳಿ:

"ಆಯಿಗೆ ಕೀಮೋ ನಡೀತಿದೆ. ಕೊನೇ ಕೀಮೋ ತಾರೀಖು ____. ದಿನಕ್ಕೆ ಎರಡು ಸಲ ಜ್ವರ ನೋಡಬೇಕು. 100.4 ಅಥವಾ ಜಾಸ್ತಿ ಇದ್ರೆ, ಇಲ್ಲಾ ಚಳಿ ನಡುಕ ಬಂದ್ರೆ ತಕ್ಷಣ ವಾರ್ಡಿಗೆ ಫೋನ್, ನಂತರ ಅಣ್ಣನ ಗಾಡಿ, ಸಿಗದಿದ್ರೆ 108. ಪ್ಯಾರಾಸಿಟಮಾಲ್ ಕೊಡಬಾರದು. ಕಷಾಯ ಕೊಡಬಾರದು. ಫೈಲ್ ಕಪಾಟಿನ ಮೇಲೆ ಇದೆ."

ಡೇಕೇರ್_ಸಿಸ್ಟರ್
ಬಹಳ ಚೆನ್ನಾಗಿದೆ ತಂಗಿ. ಎರಡು ತಿದ್ದುಪಡಿ. "ಪ್ಯಾರಾಸಿಟಮಾಲ್ ಕೊಡಬಾರದು" ಅನ್ನೋ ಬದಲು "ಜ್ವರ ನೋಡಿ ಬರೆದಿಟ್ಟು, ವಾರ್ಡಿಗೆ ಫೋನ್ ಮಾಡಿ ಅವರು ಹೇಳಿದ್ರೆ ಮಾತ್ರ ಕೊಡಿ" ಅಂತ ಬರೀರಿ, ಇಲ್ಲಾಂದ್ರೆ ದಾರೀಲಿ 104 ಜ್ವರ ಬಂದು ಒದ್ದಾಡ್ತಿದ್ರೂ ಯಾರೂ ಕೊಡಲ್ಲ. ನೋವಿಗೆ ಅಂತ ಐಬುಪ್ರೊಫೆನ್, ಆಸ್ಪಿರಿನ್ ಥರದ್ದು ಮಾತ್ರ ಕೇಳದೇ ಬೇಡ, ಪ್ಲೇಟ್ಲೆಟ್ ಕಮ್ಮಿ ಇದ್ದಾಗ ರಕ್ತಸ್ರಾವ ಆಗತ್ತೆ. ಮತ್ತೆ ಹುಬ್ಬಳ್ಳೀಲಿ ಯಾವ ಆಸ್ಪತ್ರೆ ಅಂತ ಹೆಸರು, ಫೋನ್ ನಂಬರ್ ಅದೇ ಕಾಗದದಲ್ಲಿ ಬರೀರಿ. ವಾರ್ಡಿನ ರಾತ್ರಿ ನಂಬರ್‌ಗೆ ಇವತ್ತೇ ಒಂದು ಸಲ ಫೋನ್ ಮಾಡಿ ನೋಡಿ, ಎತ್ತುತ್ತಾರಾ ಅಂತ.

ಹುಬ್ಬಳ್ಳಿ_ಮಾವ
ಹುಬ್ಬಳ್ಳಿಗೆ ಬರೂ ಪ್ರಸಂಗ ಬಂದ್ರ ಇಲ್ಲಿ ಒಂದು ಮೆಸೇಜ್ ಹಾಕ್ರಿ ತಂಗಿ. ರಾತ್ರಿ ಆದ್ರೂ ನಾ ಬಂದು ಗೇಟಿನ್ಯಾಗ ನಿಂತಿರ್ತೀನಿ.